ಬರಿದಾದ ಬಾವಿಯ ಕಾವು

ಕುಮಟೆಯಿಂದ ಉತ್ತರಕ್ಕೆ ಹನ್ನೊಂದು ಕಿಲೋಮೀಟರುಗಳ ದೂರದಲ್ಲಿ, ಅಘನಾಶಿನಿಯು ಗಜನಿಯೆಂಬ ಅಳಿವೆಯ ಗದ್ದೆಗಳ ನಡುವೆ ಮೈಚಾಚಿಕೊಂಡು ಕಡಲಿನ ಉಪ್ಪನ್ನು ಎದುರುಗೊಳ್ಳುವ ಸೀಮೆಯಲ್ಲಿ, ಮಿರ್ಜಾನದ ಕೋಟೆಯು ತನ್ನ ಚಿರೇಕಲ್ಲಿನ ಕೆಂಪು ಮೈಯನ್ನು ಹಾವಸೆಯ ಹಸುರಿನಿಂದ ಮುಚ್ಚಿಕೊಂಡು ನಿಂತಿರುವುದನ್ನು ಹೆದ್ದಾರಿಯಲ್ಲಿ ಹೋಗಿಬರುವವರೆಲ್ಲರೂ ಬಲ್ಲರು. ಮೆಣಸಿನ ರಾಣಿಯೆಂದು ಪೋರ್ಚುಗೀಸರಿಂದ ಕರೆಯಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಈ ಕೋಟೆಯು ಬೆಸೆದುಕೊಂಡಿದೆ. 2000-01ರಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಉತ್ಖನನ ನಡೆಸಿದಾಗ 1652ರಲ್ಲಿ ಟಂಕಿಸಿದ ಪೋರ್ಚುಗೀಸ್ ಸ್ವರ್ಣನಾಣ್ಯವೂ ಫಿರಂಗಿಯ ಗುಂಡುಗಳೂ ಚೀನಾ ದೇಶದ ಪಿಂಗಾಣಿಯ ಚೂರುಗಳೂ ಮಣ್ಣಿನಿಂದ ಮೇಲೆದ್ದು ಬಂದುವು. ಕೋಟೆಯನ್ನು ನೋಡಲು ಬರುವವರು ಸಾಮಾನ್ಯವಾಗಿ ಬುರುಜುಗಳನ್ನು ಏರಿ, ಕಂದಕವನ್ನು ಇಣುಕಿ, ಚಿತ್ರ ತೆಗೆದುಕೊಂಡು ಮರಳುವರು. ನನಗಾದರೋ ಬಾಲ್ಯದಿಂದಲೂ ಆಕರ್ಷಣೆಯಾಗಿದ್ದುದು ಅಲ್ಲಿಯ ಬಾವಿಗಳು. ಒಂಬತ್ತು ಬಾವಿಗಳುಂಟು, ಅವುಗಳಿಗೆ ಕಾಲುವೆಗಳ ಮೂಲಕ ಪರಸ್ಪರ ಸಂಬಂಧವೂ ಹೊರಗಣ ಕಂದಕದೊಡನೆ ಸಂಬಂಧವೂ ಇದೆಯೆಂದು ಹೇಳುವರು. ಮಾಘಮಾಸದ ಮುಂಜಾನೆ ಈ ಸೀಮೆಯ ಯಾವ ಹಳೆಯ ಬಾವಿಯಿಂದ ಸೇದಿದ ನೀರಾದರೂ ಕೈಗೆ ಬೆಚ್ಚಗೆ ಹತ್ತುತ್ತದೆ. ವೈಶಾಖದ ಮಧ್ಯಾಹ್ನ ಅದೇ ಬಾವಿಯ ನೀರು ತಣ್ಣಗೆ ಕೊರೆಯುತ್ತದೆ. ನೀರು ಬದಲಾದುದಲ್ಲ, ನೀರಿನ ಹೊರಗೆ ನಿಂತ ನಮ್ಮ ಮೈ ಬದಲಾದದ್ದು ಎಂಬುದನ್ನು ಶಾಲೆಯ ಮಾಸ್ತರರು ಒಮ್ಮೆ ಹೇಳಿದಂದಿನಿಂದ, ನೆಲದೊಳಗೆ ಋತುಗಳನ್ನರಿಯದ ಒಂದು ಲೋಕವಿದೆಯೆಂಬ ಭಾವನೆಯು ನನ್ನಲ್ಲಿ ಬೇರೂರಿತು.

ಆ ಲೋಕದ ನೆನಪು ಮರುಕಳಿಸಿದುದು ನಮ್ಮ ಹಿತ್ತಿಲಿನ ಒಂದು ವಿಫಲ ಪ್ರಯತ್ನದಿಂದ. ಬಾವಿಯ ನೀರು ಚೈತ್ರದಲ್ಲಿಯೇ ತಳಕಂಡ ವರ್ಷ, ಅಂಗೈಯ ಮೇಲೆ ತೆಂಗಿನಕಾಯಿಯನ್ನಿರಿಸಿಕೊಂಡು ನೀರು ನೋಡುವವರೊಬ್ಬರು ತೋರಿಸಿದ ಎಡೆಯಲ್ಲಿ ಬೋರ್ ಹೊಡೆಸಿದೆವು. ಲಾರಿಯ ಮೇಲಿನ ಯಂತ್ರವು ಇಡೀ ರಾತ್ರಿ ಗರ್ಜಿಸಿತು. ಮೊದಲು ಕೆಮ್ಮಣ್ಣಿನ ಕೆಸರು, ಆಮೇಲೆ ಹಳದಿಯ ಜೇಡಿ, ಆಮೇಲೆ ಬೂದಿಯಂತಹ ಕಗ್ಗಲ್ಲಿನ ಪುಡಿ ಮೇಲೆದ್ದು ಬಾಳೆಯ ಎಲೆಗಳ ಮೇಲೆಲ್ಲ ಕುಳಿತಿತು. ಮುನ್ನೂರು ಅಡಿಯಾದ ಬಳಿಕ ಯಂತ್ರದವನು ತಲೆಯಲ್ಲಾಡಿಸಿದನು. ಬೋರ್ ಫೇಲ್ ಆಯಿತು. ತೋಟಕ್ಕೆ ಸಾಲದಷ್ಟು ಒಸರು ಮಾತ್ರ ಅದರಲ್ಲಿ ಉಳಿಯಿತು. ಕೇಸಿಂಗಿನ ಬಾಯಿಗೆ ಒಂದು ಚಿರೇಕಲ್ಲನ್ನು ಹೇರಿ, ಅದರ ಸುತ್ತ ಬೇಲಿಕಟ್ಟಿ, ಮನೆಯವರೆಲ್ಲರೂ ಆ ಮೂಲೆಯ ಕಡೆಗೆ ಹೋಗುವುದನ್ನೇ ಬಿಟ್ಟೆವು. ನಮ್ಮ ಕೇರಿಯಲ್ಲಿ ಇಂತಹ ಕಲ್ಲುಗಳು ಒಂದೆರಡಲ್ಲ. ಪ್ರತಿಯೊಂದರ ಅಡಿಯಲ್ಲಿಯೂ ಒಂದು ಸಂಸಾರದ ಸಾಲವೂ ನಿರಾಶೆಯೂ ಹುಗಿದಿರುವುದರಿಂದ, ಅವುಗಳ ಮಾತೆತ್ತಲು ಯಾರಿಗೂ ಮನಸ್ಸಿಲ್ಲ.

ಮುಚ್ಚದೆ ಬಿಟ್ಟ ಕೊಳವೆಬಾವಿಯ ಘೋರವನ್ನು ಕನ್ನಡ ನಾಡು ಬಲ್ಲದು. 2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎಳೆಯ ಮಗುವೊಂದು ಅಂತಹ ರಂಧ್ರದೊಳಕ್ಕೆ ಬಿದ್ದು, ರಾತ್ರಿಯೆಲ್ಲ ನಡೆದ ಶ್ರಮದಿಂದ ಜೀವಂತವಾಗಿ ಮೇಲೆ ಬಂದಾಗ ನಾಡಿಗೆ ನಾಡೇ ನಿಟ್ಟುಸಿರು ಬಿಟ್ಟಿತು. ಹಾಗೆ ಮೇಲೆ ಬಾರದೆ ಹೋದ ಮಕ್ಕಳ ನೆನಪು ಆ ನಿಟ್ಟುಸಿರಿನೊಳಗೆಯೇ ಇದ್ದಿತು. ತ್ಯಜಿಸಿದ ಬಾವಿಗಳನ್ನು ಹೇಗೆ ಭದ್ರಪಡಿಸತಕ್ಕದ್ದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿದೆ. ಆದುದರಿಂದ ಮುಂದೆ ನಾನು ಹೇಳಲಿರುವುದನ್ನು, ಬಾವಿಗಳನ್ನು ತೆರೆದಿಡಿರೆಂಬ ಉಪದೇಶವೆಂದು ಯಾರೂ ಭಾವಿಸಬಾರದು. ಬಿಗಿಯಾದ ಉಕ್ಕಿನ ಮುಚ್ಚಳ, ಅದಕ್ಕೆ ಬೀಗ, ಸುತ್ತ ಕಟ್ಟೆ, ಇವು ಇಲ್ಲದ ರಂಧ್ರವು ಒಂದು ದಿನವೂ ಇರಕೂಡದು. ನನ್ನ ಮಾತು ಬೇರೆ. ಒಡಲಿಗೆ ಕಲ್ಲುಮಣ್ಣು ತುಂಬಿ ಶಾಶ್ವತವಾಗಿ ಹೂಳಿಬಿಡುವುದಕ್ಕೂ ಬಾಯ್ದೆರೆದು ಬಿಡುವುದಕ್ಕೂ ನಡುವೆ, ಮುಚ್ಚಿ ಕಾಪಾಡಿ ಆಗಾಗ ಕೇಳಿನೋಡುವ ಮೂರನೆಯ ಹಾದಿಯೊಂದಿದೆ.

ಏನನ್ನು ಕೇಳಬೇಕು? ಭೂಮಿಯ ಕಾವನ್ನು. ನೆಲದ ಮೇಲ್ಮೈಯಲ್ಲಿ ಹಗಲಿರುಳುಗಳ ಏರಿಳಿತವು ಒಂದು ಮೊಳ ಆಳಕ್ಕೆ ಹೋಗುವಷ್ಟರಲ್ಲಿ ಬಹುಮಟ್ಟಿಗೆ ಅಡಗುವುದು. ಚಳಿಗಾಲ ಬೇಸಗೆಗಳ ಏರಿಳಿತವು ಹದಿನೈದು ಇಪ್ಪತ್ತು ಮೀಟರುಗಳ ಆಳದಲ್ಲಿ ನಿಃಶೇಷವಾಗುವುದು. ಕೋಟೆಯ ಬಾವಿಯ ಸಮಶೀತೋಷ್ಣಕ್ಕೆ ಕಾರಣ ಇದೇ. ಅಲ್ಲಿಂದ ಕೆಳಕ್ಕೆ ಸೂರ್ಯನ ಅಧಿಕಾರವು ಮುಗಿದು ಭೂಗರ್ಭದ ಅಧಿಕಾರವು ಮೊದಲಾಗುತ್ತದೆ. ಭೂಮಿಯು ಹುಟ್ಟಿದ ಕಾಲದಿಂದ ಉಳಿದುಬಂದ ಶಾಖವೂ, ಶಿಲೆಗಳಲ್ಲಿ ಅಣುಮಾತ್ರವಾಗಿ ಹುದುಗಿರುವ ಯುರೇನಿಯಂ ಥೋರಿಯಂ ಪೊಟಾಸಿಯಂ ಧಾತುಗಳು ಕ್ಷಯಿಸುತ್ತ ಬಿಡುವ ಶಾಖವೂ ಕೂಡಿಕೊಂಡು, ಬಂಡೆಗಳ ಮೂಲಕ ಅತಿ ನಿಧಾನವಾಗಿ ಮೇಲಕ್ಕೆ ಒಸರುತ್ತಿರುತ್ತವೆ. ಲೋಕದ ಬಹುಭಾಗಗಳಲ್ಲಿ ಒಂದು ಕಿಲೋಮೀಟರ್ ಇಳಿದರೆ ಇಪ್ಪತ್ತೈದರಿಂದ ಮೂವತ್ತು ಡಿಗ್ರಿ ಕಾವು ಏರುವುದೆಂದು ಲೆಕ್ಕ. ನಮ್ಮ ಧಾರವಾಡ ಶಿಲಾಸ್ತೋಮವಾದರೋ ಬಹು ಪುರಾತನವಾದದ್ದು. ಈ ಕರಾವಳಿಯ ಮತ್ತು ಘಟ್ಟದ ಕೆಲವು ಶಿಲೆಗಳ ವಯಸ್ಸು ಮುನ್ನೂರು ಕೋಟಿ ವರ್ಷಗಳನ್ನು ಮೀರಿದೆ. ಇಂತಹ ಮುದಿ ನೆಲದ ಅಡಿಗಟ್ಟು ದಪ್ಪ, ಒಡಲು ತಣ್ಣಗೆ. ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯ ಸುಮಾರಿನಷ್ಟು ಮಾತ್ರವೇ ಇಲ್ಲಿ ಕಾವೇರುವುದು. ಒಂದು ಚದರ ಮೀಟರ್ ನೆಲದಿಂದ ಹೊರಬರುವ ಶಾಖವು ಸುಮಾರು 36 ಮಿಲಿವ್ಯಾಟ್. ಇದನ್ನು ಗೃಹಸ್ಥನ ಲೆಕ್ಕಕ್ಕೆ ತಂದರೆ, ಒಂದು ಎಕರೆ ಅಡಕೆ ತೋಟದ ಅಡಿಯಿಂದ ಹಗಲಿರುಳು ಹೊಮ್ಮುವ ಭೂಶಾಖವೆಲ್ಲವನ್ನೂ ಒಟ್ಟುಗೂಡಿಸಿದರೂ ನೂರೈವತ್ತು ವ್ಯಾಟಾಗುವುದಿಲ್ಲ. ನಡುಹಗಲಿನ ಬಿಸಿಲು ಒಂದೇ ಚದರ ಮೀಟರಿಗೆ ಸಾವಿರ ವ್ಯಾಟಿನಷ್ಟನ್ನು ಸುರಿಯುವುದನ್ನು ನೆನೆದರೆ, ಭೂಮಿಯ ಈ ದಾನವು ಎಷ್ಟು ಮೆಲ್ಲಗಿನದೆಂಬುದು ತಿಳಿಯುವುದು. ಆದರೆ ಸೂರ್ಯನು ಮುಳುಗುವನು, ಆಷಾಢದಲ್ಲಿ ವಾರಗಟ್ಟಲೆ ಮೋಡದಲ್ಲಿ ಮರೆಯಾಗುವನು; ಇದು ಮುಳುಗುವುದಿಲ್ಲ, ಮರೆಯಾಗುವುದಿಲ್ಲ, ಮತ್ತು ಕೋಟ್ಯಂತರ ವರ್ಷಗಳ ಸಂಚಯವಾಗಿ ಕೆಳಗೆ ಕಾದು ಕುಳಿತಿದೆ.

ಈ ಕಾವನ್ನು ಅಳೆಯುವ ವಿದ್ಯೆಯಲ್ಲಿ ತ್ಯಕ್ತವಾದ ಬಾವಿಗೆ ವಿಶೇಷವಾದ ಸ್ಥಾನವಿರುವುದನ್ನು ನಾನು ಓದಿ ತಿಳಿದಾಗ ನಮ್ಮ ಹಿತ್ತಿಲಿನ ಕಲ್ಲು ಮೊದಲ ಸಲ ಬೇರೆಯಾಗಿ ಕಾಣಿಸಿತು. ಹೊಸದಾಗಿ ಕೊರೆದ ರಂಧ್ರವು ಸತ್ಯವನ್ನು ನುಡಿಯದು. ಕೊರೆಯುವ ಉಳಿಯ ಘರ್ಷಣೆ, ಒಳಕ್ಕೆ ನೂಕಿದ ಗಾಳಿ ಅಥವಾ ನೀರು, ಇವುಗಳಿಂದ ಸುತ್ತಲಿನ ಬಂಡೆಯ ಸಹಜ ತಾಪವು ಕದಡಿಹೋಗಿರುತ್ತದೆ. ಆ ಕದಡು ತಿಳಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕು. ನೀರೆತ್ತುವ ಬಾವಿಯೂ ಪ್ರಯೋಜನವಿಲ್ಲ, ಅಲ್ಲಿ ಆಳಗಳ ನೀರೆಲ್ಲ ಕಲಸಿಕೊಂಡು ಕಾವು ಒಂದಾಗಿರುತ್ತದೆ. ಯಾರೂ ಮುಟ್ಟದೆ, ಪಂಪು ಇಳಿಸದೆ, ಒಸರು ನೀರು ನಿಶ್ಚಲವಾಗಿ ನಿಂತ, ಮಂದಿ ಮರೆತೇಬಿಟ್ಟ ಹಳೆಯ ರಂಧ್ರವೇ ಬಂಡೆಯ ಕಾವನ್ನು ಯಥಾವತ್ತಾಗಿ ಒಪ್ಪಿಸುವುದು. ಹೈದರಾಬಾದಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಮಾಡಿಕೊಂಡು ಬಂದಿರುವುದು ಬಹುಮಟ್ಟಿಗೆ ಈ ಕೆಲಸವನ್ನೇ. ಚಿನ್ನವನ್ನೋ ತಾಮ್ರವನ್ನೋ ಕಲ್ಲಿದ್ದಲನ್ನೋ ಹುಡುಕುವುದಕ್ಕಾಗಿ ಬೇರೆಯವರು ಕೊರೆಯಿಸಿ, ಕೆಲಸ ತೀರಿದ ಮೇಲೆ ಬಿಟ್ಟುಹೋದ ಅನ್ವೇಷಣಾ ರಂಧ್ರಗಳನ್ನು ಅರಸಿಕೊಂಡು ಹೋಗಿ, ಸೂಕ್ಷ್ಮ ತಾಪಸಂವೇದಕವನ್ನು ತಂತಿಯ ತುದಿಯಲ್ಲಿ ಕೆಳಕ್ಕಿಳಿಸಿ, ಕೆಲವೇ ಮೀಟರುಗಳಿಗೊಮ್ಮೆ ಕಾವನ್ನು ಬರೆದುಕೊಳ್ಳುವರು. ಅದೇ ರಂಧ್ರದಿಂದ ಹಿಂದೆ ಹೊರತೆಗೆದ ಶಿಲೆಯ ದಿಂಡುಗಳನ್ನು ತಂದು ಅವುಗಳ ಉಷ್ಣವಾಹಕತೆಯನ್ನು ಅಳೆಯುವರು. ಆಳದೊಡನೆ ಕಾವೇರುವ ದರವನ್ನು ಈ ವಾಹಕತೆಯಿಂದ ಗುಣಿಸಿದರೆ ಆ ನೆಲದ ಉಷ್ಣಪ್ರವಾಹವು ದೊರೆಯುವುದು. ಕೋಲಾರ, ಹಟ್ಟಿ ಮೊದಲಾದೆಡೆಗಳ ಶಾಖದ ಲೆಕ್ಕವು ನಮಗೆ ತಿಳಿದಿರುವುದು ಇಂತಹ ಪರರ ರಂಧ್ರಗಳ ಪುಣ್ಯದಿಂದ.

ಇನ್ನೂ ಒಂದು ಆಶ್ಚರ್ಯವನ್ನು ಈ ರಂಧ್ರಗಳು ಹೊರಗೆಡಹಿದುವು. ಮೇಲ್ಮೈಯ ವಾತಾವರಣವು ಹಲವು ದಶಕಗಳ ಕಾಲ ಬಿಸಿಯಾಗುತ್ತ ಬಂದರೆ, ಆ ಬಿಸಿಯು ಬಂಡೆಯೊಳಕ್ಕೆ ಮೆಲ್ಲಮೆಲ್ಲನೆ ಇಳಿದು, ನೂರು ನೂರೈವತ್ತು ಮೀಟರುಗಳವರೆಗಿನ ತಾಪರೇಖೆಯನ್ನು ತುಸುವೇ ಬಾಗಿಸುತ್ತದೆ. ಭಾರತದ ಎಪ್ಪತ್ತು ಕೊರೆರಂಧ್ರಗಳ ರೇಖೆಗಳಲ್ಲಿ ಆ ಬಾಗನ್ನು ಓದಿದ ವಿಜ್ಞಾನಿಗಳು, ಕಳೆದ ನೂರೈವತ್ತು ವರ್ಷಗಳಲ್ಲಿ ನಮ್ಮ ನೆಲವು ಸುಮಾರು 0.9 ಡಿಗ್ರಿಯಷ್ಟು ಬಿಸಿಯಾಗಿದೆಯೆಂದು 2002ರಲ್ಲಿ ಪ್ರಕಟಿಸಿದರು. ಹವಾಮಾನದ ಕಚೇರಿಯಿಲ್ಲದ, ಉಷ್ಣಮಾಪಕವನ್ನು ಯಾರೂ ನೋಡದ ಊರುಗಳಲ್ಲಿಯೂ ಅಜ್ಜ ಮುತ್ತಜ್ಜಂದಿರ ಕಾಲದ ಬೇಸಗೆಗಳನ್ನು ಬಂಡೆಯು ನೆನಪಿಟ್ಟುಕೊಂಡಿತ್ತು. ಆ ನೆನಪನ್ನು ಓದಲು ಬೇಕಾದದ್ದು ಅಂಗೈಯಗಲದ ಒಂದು ತೂತು. ಅದನ್ನು ಕಲ್ಲುಮಣ್ಣಿನಿಂದ ತುಂಬಿದ ದಿನ ಆ ಗ್ರಂಥದ ಒಂದು ಪ್ರತಿಯು ಸುಟ್ಟಂತೆಯೇ ಸರಿ.

ಕೋಲಾರದ ಮಾತು ಬಂದಮೇಲೆ ಅದನ್ನು ಅಷ್ಟಕ್ಕೆ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗದು. ಕನ್ನಡ ನಾಡಿನಲ್ಲಿ ಮನುಷ್ಯನು ಭೂಮಿಯ ಆಳದ ಕಾವನ್ನು ಎಲ್ಲಕ್ಕಿಂತ ಹೆಚ್ಚಾಗಿ ಮೈಮುಟ್ಟಿ ಅನುಭವಿಸಿದ ಸ್ಥಳವೆಂದರೆ ಅದು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ನೂರೈವತ್ತು ಕಿಲೋಮೀಟರುಗಳ ಸಮೀಪದ ದಾರಿಯನ್ನು ಕ್ರಮಿಸಿ ಅಲ್ಲಿಯ ಚಿನ್ನದ ಗಣಿಗಳನ್ನು ತಲಪಿತು. ಬಳಿಕ ಅವು ಆಳಕ್ಕೆ ಇಳಿಯುತ್ತ ಹೋಗಿ, ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರುಗಳನ್ನು ಮೀರಿದ ಪಾತಾಳವಾಯಿತು. ಆ ತಳದಲ್ಲಿ ಬಂಡೆಯ ಕಾವು 65 ಡಿಗ್ರಿಯ ಆಸುಪಾಸು. ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯೆಂಬ ಬರಿಯ ಅಂಕಿಯು ಅಲ್ಲಿ ದುಡಿದ ಕಾರ್ಮಿಕರ ಬೆನ್ನಮೇಲೆ ಬೆವರಾಗಿ ಇಳಿಯಿತು. ತಂಪುಮಾಡಿದ ಗಾಳಿಯನ್ನು ಮೇಲಿನಿಂದ ನೂಕದೆ ಅಲ್ಲಿ ಮನುಷ್ಯರು ನಿಲ್ಲುವುದೇ ಅಸಾಧ್ಯವಾಗಿತ್ತು. ಚಿನ್ನವು ಕ್ಷೀಣಿಸುತ್ತಿದ್ದ ಅದೇ ಗಣಿಯ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳವರೂ ಕೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಹೆಜ್ಜೆಯನ್ನು 1965ರಲ್ಲಿ ಕಂಡುಹಿಡಿದರು. ಲೋಹಕ್ಕಾಗಿ ತೋಡಿದ ಕೂಪವು ಜ್ಞಾನಕ್ಕೆ ದಾರಿಯಾಗುವುದೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾನರಿಯೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಪಂಪುಗಳು ನಿಂತುವು, ನೀರು ಏರಿತು. ಇಂದು ಆ ಸುರಂಗಗಳ ಜಾಲವೆಲ್ಲವೂ ಜಲಮಯವಾಗಿ, ತಳದ ಕಾವನ್ನು ಹೀರಿಕೊಳ್ಳುತ್ತ ಕತ್ತಲಲ್ಲಿ ನಿಂತಿದೆ. ನೆದರ್ಲೆಂಡ್ಸಿನ ಹೇರ್ಲೆನ್ ಎಂಬ ಊರಿನವರು ಮುಚ್ಚಿಹೋದ ಕಲ್ಲಿದ್ದಲ ಗಣಿಗಳಲ್ಲಿ ತುಂಬಿದ ನೀರಿನಿಂದ, ಅದೂ ಏಳುನೂರು ಮೀಟರುಗಳ ಆಳದ, ಮೂವತ್ತು ಡಿಗ್ರಿಗೂ ಕಡಿಮೆ ಕಾವಿನ ನೀರಿನಿಂದ, 2008ರಿಂದ ಮನೆಗಳನ್ನೂ ಕಚೇರಿಗಳನ್ನೂ ಬೆಚ್ಚಗೂ ತಂಪಾಗಿಯೂ ಇರಿಸಿಕೊಳ್ಳುತ್ತಿದ್ದಾರೆ. ಅವರದಕ್ಕಿಂತ ನಾಲ್ಮಡಿ ಆಳದ ಕೂಪವು ನಮ್ಮಲ್ಲಿದೆ. ಅದರ ನೀರಿಗೆ ಒಮ್ಮೆ ಸಮಗ್ರವಾದ ಉಷ್ಣಪರೀಕ್ಷೆಯನ್ನು ನಡೆಸುವುದು ಚಿನ್ನವನ್ನು ಮತ್ತೆ ಕೆದಕುವುದಕ್ಕಿಂತ ಗೌರವದ ಕೆಲಸವೆಂದು ನಾನು ನಂಬಿದ್ದೇನೆ.

ಭೂಶಾಖದಿಂದ ವಿದ್ಯುತ್ತನ್ನು ಮೊದಲು ಪಡೆದುದು ಇಟಲಿಯ ಲಾರ್ಡೆರೆಲ್ಲೊದಲ್ಲಿ. 1904ರ ಜುಲೈ 4ರಂದು ಪಿಯೆರೊ ಜಿನೋರಿ ಕೊಂಟಿ ಎಂಬ ಅರಸುಮಗನು ನೆಲದಿಂದ ಚಿಮ್ಮುವ ಉಗಿಯಿಂದ ಐದು ದೀಪಗಳನ್ನು ಬೆಳಗಿಸಿದನು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಮೀಪದ ಕಥೆ ಹಂಗೆರಿಯದು. ಅಲ್ಲಿಯ ಹೈದುಸೊಬೊಸ್ಲೊ ಎಂಬ ಊರಿನಲ್ಲಿ ಪಾವೈ-ವಾಯ್ನ ಫೆರೆಂಟ್ಸ್ ಎಂಬ ಭೂವಿಜ್ಞಾನಿಯ ಮಾರ್ಗದರ್ಶನದಲ್ಲಿ ತೈಲವನ್ನೂ ಅನಿಲವನ್ನೂ ಹುಡುಕುತ್ತ ಕೊರೆದ ಬಾವಿಯಿಂದ, 1925ರಲ್ಲಿ, ಸಾವಿರ ಮೀಟರುಗಳನ್ನು ದಾಟಿದ ಆಳದಿಂದ 73 ಡಿಗ್ರಿಯ ಬಿಸಿನೀರು ಚಿಮ್ಮಿತು. ತೈಲವಿಲ್ಲವೆಂದು ಅವರು ಬಾವಿಗೆ ಬಾಯಿಕಟ್ಟಲಿಲ್ಲ. ಆ ಊರು ಇಂದು ಯೂರೋಪಿನ ಪ್ರಸಿದ್ಧ ಸ್ನಾನಕ್ಷೇತ್ರ. ನಮಗೆ ಇನ್ನೂ ಹತ್ತಿರದಲ್ಲಿ, ತೆಲಂಗಾಣದ ಮಣುಗೂರು ಸಮೀಪದ ಪಗಿಡೇರು ಗ್ರಾಮದಲ್ಲಿ, ದಶಕಗಳ ಹಿಂದೆ ಕಲ್ಲಿದ್ದಲ ಅನ್ವೇಷಣೆಗೆಂದು ಕೊರೆದ ರಂಧ್ರದಿಂದ ಬಿಸಿನೀರು ತಾನಾಗಿಯೇ ಉಕ್ಕುತ್ತಿದ್ದು, ಸಿಂಗರೇಣಿ ಕಾಲರೀಸ್ ಸಂಸ್ಥೆಯವರು ಅದೇ ನೀರಿನ ಕಾವಿನಿಂದ 20 ಕಿಲೋವ್ಯಾಟಿನ ಪ್ರಾಯೋಗಿಕ ವಿದ್ಯುದ್ಯಂತ್ರವನ್ನು ನಡೆಸಿದ್ದಾರೆ. ಇಂತಹ ಯಂತ್ರದಲ್ಲಿ ನೀರು ಉಗಿಯಾಗಬೇಕಾಗಿಲ್ಲ. ನೀರಿಗಿಂತ ಬಹಳ ಕೆಳಗಿನ ತಾಪದಲ್ಲಿ ಕುದಿಯುವ ಇನ್ನೊಂದು ದ್ರವಕ್ಕೆ ಬಿಸಿನೀರು ತನ್ನ ಕಾವನ್ನು ಒಪ್ಪಿಸುವುದು, ಆ ದ್ರವದ ಆವಿಯು ಚಕ್ರವನ್ನು ತಿರುಗಿಸಿ, ತಣಿದು, ಮತ್ತೆ ಮೊದಲಿನ ಎಡೆಗೆ ಮರಳುವುದು. ಇಪ್ಪತ್ತು ಕಿಲೋವ್ಯಾಟ್ ಒಂದು ಚಿಕ್ಕ ಅಕ್ಕಿಗಿರಣಿಗೆ ಸಾಕಾದೀತು. ಆದರೆ ವ್ಯರ್ಥವೆಂದು ಬರೆದುಹಾಕಿದ ಒಂದು ರಂಧ್ರವು ಅಷ್ಟನ್ನು ಕೊಡುವುದೆಂದಾಗ ಅದರ ಅರ್ಥವು ಅಕ್ಕಿಗಿರಣಿಯನ್ನು ಮೀರುತ್ತದೆ.

ಭೂಶಾಖದ ಯೋಜನೆಗಳಲ್ಲಿ ವೆಚ್ಚದ ಸಿಂಹಭಾಗವು ಕೊರೆಯುವುದಕ್ಕೇ ತಗಲುವುದರಿಂದ, ಕೊರೆದು ಬಿಟ್ಟ ಬಾವಿಗಳ ಕಡೆಗೆ ಜಗತ್ತಿನ ದೃಷ್ಟಿ ಹರಿದಿರುವುದು ಸಹಜ. ಗುಜರಾತಿನ ಖಂಭಾತ್ ದ್ರೋಣಿಯಂತಹ ಬಿಸಿನೆಲದಲ್ಲಿ ತೈಲ ಬತ್ತಿದ ಬಾವಿಗಳ ತಳದ ಕಾವು ನೂರು ಡಿಗ್ರಿಯನ್ನು ಮೀರುವುದುಂಟು. ಜರ್ಮನಿಯ ಪ್ರೆಂಟ್ಸ್‌ಲೌ ಎಂಬಲ್ಲಿ ಇದ್ದ ಬಾವಿಯನ್ನೇ ಸುಮಾರು 2,800 ಮೀಟರುಗಳವರೆಗೆ ಇಳಿಸಿ, ಕೊಳವೆಯೊಳಗೊಂದು ಕೊಳವೆಯನ್ನಿರಿಸಿ, ಹೊರಗಣ ಕೊಳವೆಯಲ್ಲಿ ತಣ್ಣೀರನ್ನು ಇಳಿಸಿ ಒಳಗಣ ಕೊಳವೆಯಲ್ಲಿ ಬಿಸಿಯಾದುದನ್ನು ಏರಿಸಿಕೊಂಡು ಊರಿಗೆ ಶಾಖವನ್ನು ಹಂಚಿದರು. ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಹಳೆಯ ಬಾವಿಯ ಕೊಳವೆ ಕಿರಿದು, ಉಕ್ಕಿಗೆ ತುಕ್ಕು ಹಿಡಿದಿರುತ್ತದೆ, ಸಿಮೆಂಟಿನ ಬೆಸುಗೆ ಬಿರಿದಿರಬಹುದು. ಬಾವಿಯ ಸುತ್ತಲಿನ ಬಂಡೆಯು ಕಾವನ್ನು ಕೊಡುತ್ತ ಕೊಡುತ್ತ ತಾನೇ ತಣಿದು, ಹೊಸ ಕಾವು ದೂರದಿಂದ ಬರಲು ತಡವಾಗುತ್ತದೆ. ಬಾವಿಯ ಬಳಿ ಶಾಖವನ್ನು ಬಯಸುವ ಊರಿಲ್ಲದಿರಬಹುದು. ಆದರೂ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ರಾಷ್ಟ್ರೀಯ ಭೂಶಾಖ ಶಕ್ತಿ ನೀತಿಯು ತ್ಯಕ್ತ ತೈಲ ಮತ್ತು ಅನಿಲ ಬಾವಿಗಳ ಪುನರುಪಯೋಗವನ್ನು ತನ್ನ ಆಶಯಗಳಲ್ಲಿ ಸೇರಿಸಿಕೊಂಡಿರುವುದು ಸಂತೋಷದ ಸಂಗತಿ. ಲಡಾಖಿನ ಪುಗಾ ಕಣಿವೆಯಲ್ಲಿ 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮೂವತ್ತಕ್ಕೂ ಮಿಗಿಲಾದ ರಂಧ್ರಗಳನ್ನು ಕೊರೆದು ಅಪಾರವಾದ ಕಾವನ್ನು ಕಂಡಿದ್ದರೂ, ಅಲ್ಲಿ ವಿದ್ಯುತ್ತಿಗಾಗಿ ಮರಳಿ ಕೊರೆಯುವ ಒಪ್ಪಂದವಾದದ್ದು 2021ರಲ್ಲಿ. ಹಿಮಾಚಲದ ಮಣಿಕರ್ಣದಲ್ಲಿ ಬಿಸಿನೀರಿನಿಂದ 5 ಕಿಲೋವ್ಯಾಟ್ ವಿದ್ಯುತ್ತನ್ನು ಪಡೆದು ತೋರಿಸಿದ ಯಂತ್ರವು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರ ಕೈಕೆಲಸವೆಂಬುದನ್ನು ಎಷ್ಟು ಮಂದಿ ಕನ್ನಡಿಗರು ಬಲ್ಲರೋ ನಾನರಿಯೆ. ವಿಮಾನಗಳನ್ನು ಕುರಿತು ಯೋಚಿಸುವವರು ಪಾತಾಳದ ಕಾವಿಗೂ ಮನಗೊಟ್ಟರೆಂಬುದು ನನಗೆ ಹೆಮ್ಮೆಯ ವಿಷಯ.

ಈಗ ಮತ್ತೆ ಕರಾವಳಿಗೆ. ಮುಂಬಯಿಯ ಉತ್ತರದಿಂದ ಮೊದಲಾಗಿ ಸಹ್ಯಾದ್ರಿಯ ಪಶ್ಚಿಮ ಪಾದದುದ್ದಕ್ಕೂ ವಜ್ರೇಶ್ವರಿ, ಉನ್ಹವರೆ, ತುರಳ್ ಮೊದಲಾದ ಬಿಸಿನೀರ ಬುಗ್ಗೆಗಳು ಸಾಲುದೀಪಗಳಂತೆ ಇಳಿದುಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಎಪ್ಪತ್ತು ಡಿಗ್ರಿಯ ಸಮೀಪದ ಕಾವಿದೆ. ರತ್ನಾಗಿರಿ ಜಿಲ್ಲೆಯ ರಾಜಾಪುರದ ಬಳಿ ಆ ಸಾಲು ನಿಂತುಬಿಡುವುದು. ಆಮೇಲೆ ಗೋವೆ, ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಎಲ್ಲಿಯೂ ಅಂತಹ ಪ್ರಸಿದ್ಧವಾದ ಬುಗ್ಗೆಯೊಂದಿಲ್ಲ. ಕಟ್ಟಕಡೆಗೆ ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದಲ್ಲಿ, ಬೆಂದ್ರ್ ತೀರ್ಥವೆಂಬ ಏಕಾಂಗಿ ಉಷ್ಣಕುಂಡವು ಮೈಕಾವಿನಷ್ಟೇ ಹಿತವಾದ ನೀರಿನೊಡನೆ ಕಾಣಿಸಿಕೊಳ್ಳುವುದು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ. ಈ ಎರಡು ತುದಿಗಳ ನಡುವಿನ ನೂರಾರು ಕಿಲೋಮೀಟರುಗಳ ಮೌನದ ಮಧ್ಯದಲ್ಲಿದೆ ನಮ್ಮ ಮಿರ್ಜಾನ. ಮೌನಕ್ಕೆ ಎರಡು ಕಾರಣಗಳಿರಬಹುದು: ಕೆಳಗೆ ಬಿಸಿನೀರನ್ನು ಮೇಲೆತ್ತುವ ಆಳವಾದ ಬಿರುಕುಗಳು ಇಲ್ಲದಿರಬಹುದು, ಅಥವಾ ಇದ್ದರೂ ಮೂರು ಸಾವಿರ ಮಿಲಿಮೀಟರನ್ನು ಮೀರಿ ಸುರಿಯುವ ಮಳೆಯ ತಣ್ಣೀರು ಅದನ್ನು ಮೇಲೆ ಬರುವ ಮೊದಲೇ ಕಲಸಿ ಆರಿಸಿಬಿಡುತ್ತಿರಬಹುದು. ಯಾವುದು ನಿಜವೆಂಬುದನ್ನು ಬಾವಿಗಳ ತಾಪರೇಖೆಗಳೇ ಹೇಳಬಲ್ಲುವು. ನೀರು ಚಲಿಸುವ ಬಿರುಕಿನ ಎದುರಿಗೆ ಬಂದಾಗ ರೇಖೆಯು ತಟ್ಟನೆ ಮುರಿಯುತ್ತದೆ, ಚಲಿಸದ ಬಂಡೆಯಲ್ಲಿ ನೇರವಾಗಿ ಇಳಿಯುತ್ತದೆ.

ಇದು ವಿದ್ಯುತ್ತಿನ ಆಸೆಯಿಂದ ಹೇಳುವ ಮಾತಲ್ಲ. ಈ ಜಿಲ್ಲೆಗೆ ವಿದ್ಯುತ್ತು ಎಂಬ ಶಬ್ದವು ಹಗುರವಾದುದಲ್ಲ. ಶರಾವತಿ ಕಾಳಿ ನದಿಗಳು ಕಟ್ಟೆಗಳ ಹಿಂದೆ ನಿಂತುವು, ಕೈಗಾದಲ್ಲಿ ಪರಮಾಣು ಸ್ಥಾವರವೆದ್ದಿತು, ಈ ಶತಮಾನದ ಮೊದಲ ದಶಕದಲ್ಲಿ ಅಘನಾಶಿನಿಯ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರದ ಪ್ರಸ್ತಾವ ಬಂದಾಗ ಬೆಳಚೆಂಬ ಚಿಪ್ಪುಮೀನನ್ನು ಆರಿಸುವವರೂ ಮೀನುಗಾರರೂ ಗಜನಿಯ ರೈತರೂ ಎದ್ದುನಿಂತರು, ಪ್ರಸ್ತಾವವು ಮುಂದೆ ಸಾಗಲಿಲ್ಲ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್‌ಸರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು, ಘೋಷಿತವಾಯಿತು. ಇಂತಹ ನೆಲದಲ್ಲಿ ಶಕ್ತಿಯ ಇನ್ನೊಂದು ಕನಸನ್ನು ಬಿತ್ತುವವನು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಬೇಕು. ಲೆಕ್ಕವಿದು: ನಮ್ಮ ಮುನ್ನೂರು ಅಡಿಯ ಬೋರಿನ ತಳವು ಮೇಲಿಗಿಂತ ಒಂದು ಡಿಗ್ರಿಯ ಆಸುಪಾಸಿನಷ್ಟು ಮಾತ್ರ ಬೆಚ್ಚಗಿರುವುದು. ಅಡಕೆ ಒಣಗಿಸುವ, ಮಳೆಗಾಲದಲ್ಲಿ ಮೀನು ಒಣಗಿಸುವ ಅರವತ್ತು ಡಿಗ್ರಿಯ ಕಾವಿಗೆ ಇಲ್ಲಿ ಎರಡೂವರೆ ಮೂರು ಕಿಲೋಮೀಟರ್ ಇಳಿಯಬೇಕಾದೀತು. ಅಷ್ಟು ಹಣದಲ್ಲಿ ಊರಿನ ಚಾವಣಿಗಳಿಗೆಲ್ಲ ಸೌರಫಲಕಗಳನ್ನು ಹೊದಿಸಬಹುದು. ಆದರೆ ನೆಲದ ಅಚಂಚಲ ತಂಪನ್ನು ಕೊಳವೆಗಳಲ್ಲಿ ನೀರು ಹರಿಯಿಸಿ ಮೇಲೆ ತಂದು ವೈಶಾಖದ ಸೆಕೆಯಲ್ಲಿ ಒಂದು ಶಾಲೆಯನ್ನೋ ಆಸ್ಪತ್ರೆಯ ಕೊಠಡಿಯನ್ನೋ ತಣಿಸುವ ಪ್ರಯೋಗಕ್ಕೆ ಇಂತಹ ರಂಧ್ರಗಳು ಸಾಕು. ಯಂತ್ರವು ಕೋಣೆಯ ಕಾವನ್ನು ನಡುಹಗಲಿನ ಬೆಂಕಿಗಾಳಿಗೆ ಬಿಡುವುದರ ಬದಲು ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿಯ ಬಂಡೆಗೆ ಬಿಡುವುದಾದರೆ ಅದರ ದುಡಿಮೆ ಹಗುರವಾಗುವುದು.

ನಾನು ಬೇಡುವುದು ಅತ್ಯಲ್ಪ. ಬೋರ್ ಹೊಡೆಯುವವರು ಎಷ್ಟನೆಯ ಅಡಿಯಲ್ಲಿ ಯಾವ ಕಲ್ಲು ಬಂದಿತೆಂಬುದನ್ನು ಬರೆದಿಡಲಿ. ಫೇಲಾದ ರಂಧ್ರದ ಸ್ಥಳವೂ ಆಳವೂ ಪಂಚಾಯತಿಯ ಪುಸ್ತಕದಲ್ಲಿ ನಮೂದಾಗಲಿ. ಊರಿಗೆ ಒಂದೆರಡನ್ನಾದರೂ ತುಂಬದೆ, ಬೀಗಹಾಕಿದ ಮುಚ್ಚಳದಡಿಯಲ್ಲಿ ಕಾಪಾಡಿ, ಜಿಲ್ಲೆಯ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಪ್ಪಿಸಲಿ.

ಕಳೆದ ಪುಷ್ಯಮಾಸದಲ್ಲಿ ಒಂದು ಮುಂಜಾನೆ ನಾನೂ ನಮ್ಮ ಹಿತ್ತಿಲಿನ ಕಲ್ಲನ್ನು ಸರಿಸಿದೆನು. ಮನೆಯ ಎಳೆಯರಿಬ್ಬರು ದೂರದಲ್ಲಿ ಅವರ ಅಜ್ಜಿಯಾದ ನನ್ನ ಅಮ್ಮನ ಕೈಹಿಡಿದು ನಿಂತಿದ್ದರು. ಏರಿದ ಕಾವನ್ನು ಗುರುತಿಟ್ಟುಕೊಳ್ಳುವ ಉಷ್ಣಮಾಪಕವೊಂದನ್ನು, ನೀರಿನ ಒತ್ತಡಕ್ಕೆ ಅದರ ಬುರುಡೆ ಕುಗ್ಗಿ ತಪ್ಪು ಹೇಳದಂತೆ ಬಾಯಿಕಟ್ಟಿದ ಉಕ್ಕಿನ ಕೊಳವೆಯೊಳಗಿರಿಸಿ, ತದಡಿಯಿಂದ ತಂದ ಮೀನುಗಾರಿಕೆಯ ನೈಲಾನ್ ದಾರಕ್ಕೆ ಕಟ್ಟಿ, ಗಂಟುಗಳನ್ನು ಎಣಿಸುತ್ತ ಇಳಿಸಿದೆನು. ಹೊರಗಿನ ಗಾಳಿಯು ಬಾವಿಗಿಂತ ತಣ್ಣಗಿರುವ ಹೊತ್ತಾದುದರಿಂದ ಗುರುತು ಕೆಡುವ ಭಯವಿರಲಿಲ್ಲ. ನೂರು ಅಡಿಯಲ್ಲಿ ಅರ್ಧ ಗಂಟೆ ಬಿಟ್ಟು ಎತ್ತಿ ಓದಿ, ತಳಕ್ಕೆ ಇಳಿಸಿ ಮತ್ತೆ ಅರ್ಧ ಗಂಟೆ ಬಿಟ್ಟು ಎತ್ತಿದೆನು. ಎರಡನೆಯ ಗುರುತು ಮೊದಲನೆಯದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲಿದ್ದಿತು. ಬಿಸಿ ಇದೆಯೇ ಎಂದು ಅಮ್ಮ ಕೇಳಿದಳು. ಇದೆಯೆಂದೆನು. ನೀರು ಜಿನುಗುತ್ತಿದ್ದ ಕೊಳವೆಯನ್ನು ಅವಳ ಕೈಗಿತ್ತೆನು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಕ್ಷಣಕಾಲ ಸುಮ್ಮನಿದ್ದಳು. ಆಮೇಲೆ ಕಲ್ಲನ್ನು ಸ್ವಸ್ಥಾನಕ್ಕೆ ಸರಿಸಿ, ಸರಳು ಹೊದಿಸಿ ಬೀಗ ಹಾಕಿ, ಎರಡು ಅಂಕಿಗಳನ್ನೂ ದಿನಾಂಕವನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಮುಂದಿನ ಪುಷ್ಯಕ್ಕೆ ದಾರವನ್ನು ಜಗಲಿಯ ಗೂಟಕ್ಕೆ ಸುತ್ತಿಟ್ಟೆನು.